ನೆಲ ಒರೆಸುವ ಬಟ್ಟೆಯ ಆರೈಕೆ



ಈ ಸ್ಮರಣಸಂಚಿಕೆಗೆ ನಾವೂ ಒಂದು ಲೇಖನವನ್ನು ಬರೆಯಬೇಕೆಂದು ಸಂಚಿಕೆಯ ಹೊಣೆ ಹೊತ್ತ ಉಪಾಧ್ಯಾಯಿನಿಯರು ಕೇಳಿದಾಗ, ಸ್ತ್ರೀವಿದ್ಯೆಯ ಮಹತ್ವವನ್ನೋ ಗೃಹಧರ್ಮವನ್ನೋ ಕುರಿತು ನಾಲ್ಕು ಮಾತು ಬರೆದುಕೊಡುವೆವೆಂದು ಅವರು ನಿರೀಕ್ಷಿಸಿದ್ದರು. ನಾವು ಆರಿಸಿಕೊಂಡ ವಿಷಯವನ್ನು ಕೇಳಿ ಅವರಲ್ಲಿ ಇಬ್ಬರು ನಕ್ಕರು. ನಕ್ಕದ್ದರಲ್ಲಿ ತಪ್ಪಿಲ್ಲ. ಮನೆಯ ಪದಾರ್ಥಗಳಲ್ಲೆಲ್ಲಾ ಅತಿ ಹೀನವಾದ ಸ್ಥಾನದಲ್ಲಿರುವುದು ನೆಲ ಒರೆಸುವ ಬಟ್ಟೆಯೇ ಸರಿ. ಅಡಿಗೆಮನೆಯ ಮಸಿಬಟ್ಟೆಗಾದರೂ ಒಲೆಯ ಪಕ್ಕದಲ್ಲಿ ಒಂದು ಮೊಳೆಯುಂಟು. ಇದಕ್ಕಾದರೋ ಬಚ್ಚಲಿನ ಮೂಲೆಯೇ ಗತಿ. ಮನೆಯನ್ನು ಶುಚಿಮಾಡುವ ವಸ್ತುವನ್ನು ಶುಚಿಮಾಡುವವರು ಯಾರು ಎಂಬ ಪ್ರಶ್ನೆಯನ್ನು ನಮ್ಮಲ್ಲಿ ಬಹುಮಂದಿ ಎಂದೂ ಕೇಳಿಕೊಂಡಿರಲಾರೆವು. ನಾವೂ ಕೇಳಿಕೊಂಡಿರಲಿಲ್ಲ. ಅದನ್ನು ಕೇಳಿಕೊಳ್ಳುವಂತೆ ಮಾಡಿದ ಸಂಗತಿ ನಮ್ಮ ವಿದ್ಯಾರ್ಥಿನಿಲಯದಲ್ಲಿಯೇ ನಡೆಯಿತು. ಅದರಲ್ಲಿ ನಮ್ಮ ತಪ್ಪೂ ಇದ್ದುದರಿಂದ ಅದನ್ನು ಮರೆಮಾಡದೆ ಹೇಳುವೆವು.

ಕೆಲವು ವರುಷಗಳ ಕೆಳಗೆ, ಜಡಿಮಳೆ ಹಿಡಿದ ಆಷಾಢದ ದಿನಗಳಲ್ಲಿ, ನಿಲಯದ ಹುಡುಗಿಯರಲ್ಲಿ ಒಬ್ಬೊಬ್ಬರಿಗೆ ವಾಂತಿಭೇದಿ ಕಾಣಿಸಿಕೊಂಡಿತು. ಒಂದು ವಾರದಲ್ಲಿ ಹನ್ನೊಂದು ಮಂದಿ ಮಲಗಿದರು. ಅವರಲ್ಲಿ ಅತಿ ಚಿಕ್ಕವಳು, ಆರನೆಯ ತರಗತಿಯ ಮಗು, ಎರಡು ರಾತ್ರಿ ಆಸ್ಪತ್ರೆಯಲ್ಲಿರಬೇಕಾಯಿತು. ಆ ಎರಡು ರಾತ್ರಿಗಳನ್ನು ನಾವು ಮರೆಯುವಂತಿಲ್ಲ. ನೀರನ್ನು ಕುದಿಸಿದೆವು, ತೊಟ್ಟಿಯನ್ನು ಬಳಿಸಿದೆವು, ಅಡಿಗೆಯವರ ಉಗುರನ್ನು ಪರೀಕ್ಷಿಸಿದೆವು, ಪೇಟೆಯ ತಿಂಡಿಯನ್ನು ನಿಷೇಧಿಸಿದೆವು. ಕಾಯಿಲೆ ನಿಲ್ಲಲಿಲ್ಲ. ಕೊನೆಗೆ ನೋಡಲು ಬಂದ ವೈದ್ಯರು ಊಟದ ಮನೆಯ ಬಾಗಿಲಲ್ಲಿ ನಿಂತು, ಆಗತಾನೆ ನೆಲ ಒರೆಸಿ ಮುಗಿಸಿದ್ದ ಆಯಾಮ್ಮನನ್ನು, “ಈ ಬಟ್ಟೆ ಎಲ್ಲೆಲ್ಲಿಗೆ ಹೋಗುತ್ತದಮ್ಮಾ?” ಎಂದು ಕೇಳಿದರು. ಆಕೆ ಸಂಕೋಚವಿಲ್ಲದೆ, “ಎಲ್ಲಾ ಕಡೆಗೂ ಇದೇ ಸ್ವಾಮಿ, ಮೊದಲು ಕಕ್ಕಸಿನ ಪಡಸಾಲೆ, ಆಮೇಲೆ ಮಲಗೋ ಕೋಣೆ, ಕಡೆಗೆ ಊಟದ ಮನೆ” ಎಂದಳು. ನಮ್ಮ ಹುಡುಗಿಯರು ಊಟಕ್ಕೆ ಕುಳಿತುಕೊಳ್ಳುತ್ತಿದ್ದುದು ಆ ನೆಲದ ಮೇಲೆಯೇ. ಬಟ್ಟೆಯೊಂದೇ ಕಾರಣವೆಂದು ವೈದ್ಯರು ಹೇಳಲಿಲ್ಲ. ಆದರೆ ಅದನ್ನು ಮೂಗಿನ ಹತ್ತಿರ ತಂದುಕೊಂಡ ನಮಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಆಯಾಮ್ಮನಿಗೆ ಎರಡನೆಯ ಬಟ್ಟೆಯನ್ನು ಕೊಡದೆ ಇದ್ದವರು ನಾವು.

ಬಟ್ಟೆಯ ಸ್ವಭಾವವೇನೆಂಬುದನ್ನು ಮೊದಲು ತಿಳಿಯತಕ್ಕದ್ದು. ಹತ್ತಿಯ ಎಳೆಯು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಣಗಿ ಚಪ್ಪಟೆಯಾಗಿ ಹುರಿಗೊಂಡ ನಳಿಗೆಯಂತೆ ಕಾಣುತ್ತದೆ. ಇಂಥ ಸಾವಿರಾರು ಎಳೆಗಳು ಕೂಡಿ ನೂಲು, ನೂಲುಗಳು ಕೂಡಿ ಬಟ್ಟೆ. ಎಳೆಗಳ ನಡುವಣ ಸಂದುಗಳಲ್ಲಿ ನೀರು ತಾನಾಗಿ ಏರುವುದು, ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆಯೇ. ನೀರಿನೊಡನೆ ಧೂಳು, ಜಿಡ್ಡು, ಕೂದಲು, ಕಣ್ಣಿಗೆ ಕಾಣದ ಜೀವಿಗಳೂ ಆ ಸಂದುಗಳಲ್ಲಿ ಸೇರಿಕೊಳ್ಳುತ್ತವೆ. ಅದೇ ಬಟ್ಟೆಯ ಗುಣ. ಅದೇ ಅದರ ದೋಷವೂ ಹೌದು. ಅಂಗಡಿಯಿಂದ ತಂದ ಹೊಸ ಹತ್ತಿಬಟ್ಟೆ ನೆಲದ ಮೇಲೆ ನೀರನ್ನು ತಳ್ಳಿಕೊಂಡು ಹೋಗುವುದೇ ಹೊರತು ಹೀರುವುದಿಲ್ಲವೆಂಬುದನ್ನು ನೀವು ಕಂಡಿರಬಹುದು. ಗಂಜಿಯೂ ಎಳೆಯ ಮೇಲಿನ ಸ್ವಾಭಾವಿಕವಾದ ಮೇಣವೂ ಇನ್ನೂ ಹೋಗಿಲ್ಲವಾದ್ದರಿಂದ ಹಾಗಾಗುವುದು. ಎರಡು ಮೂರು ಸಲ ಬಿಸಿನೀರಿನಲ್ಲಿ ಒಗೆದ ಮೇಲೆ ಅದು ಕೆಲಸಕ್ಕೆ ಬರುತ್ತದೆ. ಹಳೆಯ ಪಂಚೆಯ ತುಂಡು, ಸವೆದ ಟವೆಲು ಇವು ಹೊಸ ಬಟ್ಟೆಗಿಂತ ಮೇಲೆಂದು ನಮ್ಮ ಅಜ್ಜಿಯರು ಹೇಳುತ್ತಿದ್ದುದು ಜಿಪುಣತನದಿಂದಲ್ಲ.

ಇನ್ನು ಆ ಸಂದುಗಳಲ್ಲಿ ಸೇರಿದ ಜೀವಿಗಳ ಮಾತು. ತೇವ, ಬೆಚ್ಚನೆಯ ಹವೆ, ಸ್ವಲ್ಪ ಕೊಳೆ ಇವಿಷ್ಟಿದ್ದರೆ ಬ್ಯಾಕ್ಟೀರಿಯಗಳಲ್ಲಿ ಹಲವು ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗಬಲ್ಲವು. ಸಾಯಂಕಾಲ ಆರು ಗಂಟೆಗೆ ಬಕೀಟಿನ ಅಂಚಿನ ಮೇಲೆ ಒದ್ದೆಯಾಗಿಯೇ ಎಸೆದ ಬಟ್ಟೆಯಲ್ಲಿ ಒಂದೇ ಒಂದು ಜೀವಿ ಇದ್ದರೂ, ಬೆಳಗ್ಗೆ ಆರರ ಹೊತ್ತಿಗೆ ಇಪ್ಪತ್ತನಾಲ್ಕು ಸಲ ಇಮ್ಮಡಿಯಾಗಿ, ಲೆಕ್ಕದ ಮೇಲೆ 1 ಕೋಟಿ 67 ಲಕ್ಷವನ್ನು ಮೀರುವುದು. ಆಹಾರ ತೀರಿಹೋಗುವುದರಿಂದ ಲೆಕ್ಕದಷ್ಟು ಆಗಲಾರದು; ಆದರೂ ಬೆಳಗಿನ ಆ ಹುಳಿವಾಸನೆ ಎಲ್ಲಿಂದ ಬಂತೆಂಬುದಕ್ಕೆ ಈ ಲೆಕ್ಕವೇ ಉತ್ತರ. ಆಸ್ಪತ್ರೆಗಳ ಮಾಪುಗಳನ್ನು ಪರೀಕ್ಷಿಸಿ 1971ರಲ್ಲಿ ಪ್ರಕಟವಾದ ಒಂದು ಶೋಧನೆಯಲ್ಲಿ, ತೇವವಾಗಿಟ್ಟ ಮಾಪುಗಳು ನೆಲವನ್ನು ಶುದ್ಧಿಮಾಡುವುದಕ್ಕೆ ಬದಲಾಗಿ ಸೂಕ್ಷ್ಮಜೀವಿಗಳನ್ನು ಹರಡುವ ಸಾಧನಗಳಾಗಿದ್ದುದು ಕಂಡುಬಂದಿತು. ಮಾಪಿನ ಬಟ್ಟೆಯನ್ನು ಕ್ರಮವಾಗಿ ಒಗೆದು ಪೂರ್ತಿಯಾಗಿ ಒಣಗಿಸಿದ ಮೇಲೆಯೇ ಮತ್ತೆ ಉಪಯೋಗಿಸಬೇಕೆಂದು ಅಮೆರಿಕದ ರೋಗನಿಯಂತ್ರಣ ಕೇಂದ್ರದವರು ಆಸ್ಪತ್ರೆಗಳಿಗಾಗಿ 2003ರಲ್ಲಿ ಹೊರಡಿಸಿದ ಸೂಚನೆಗಳಲ್ಲಿಯೂ ಹೇಳಿದೆ.

ಈ ಮಾತನ್ನು ನಮ್ಮ ಹುಡುಗಿಯರು ಬಾಯಿಮಾತಿನಿಂದ ನಂಬಲಿಲ್ಲ. ನಂಬಬೇಕಾಗಿಯೂ ಇಲ್ಲ. ಒಂಬತ್ತನೆಯ ತರಗತಿಯವರು ಆಲೂಗಡ್ಡೆಯನ್ನು ಬೇಯಿಸಿ ಬಿಲ್ಲೆಗಳಾಗಿ ಕೊಯ್ದು, ಒಂದಕ್ಕೆ ರಾತ್ರಿಯೆಲ್ಲಾ ಒದ್ದೆಯಾಗಿದ್ದ ಬಟ್ಟೆಯನ್ನೂ, ಇನ್ನೊಂದಕ್ಕೆ ಒಗೆದು ಬಿಸಿಲಲ್ಲಿ ಒಣಗಿಸಿದ ಬಟ್ಟೆಯನ್ನೂ ತಾಗಿಸಿ, ಮೂರನೆಯದನ್ನು ಏನೂ ತಾಗಿಸದೆ, ಮುಚ್ಚಳವಿರುವ ಗಾಜಿನ ಭರಣಿಗಳಲ್ಲಿಟ್ಟರು. ಮೂರನೆಯ ದಿನ ಮೊದಲನೆಯ ಬಿಲ್ಲೆಯ ಮೇಲೆ ಹಳದಿ, ಬೂದಿ ಬಣ್ಣಗಳ ಲೋಳೆಯ ಚುಕ್ಕೆಗಳು ತುಂಬಿದ್ದವು, ಎರಡನೆಯದರಲ್ಲಿ ನಾಲ್ಕೈದು, ಮೂರನೆಯದರಲ್ಲಿ ಒಂದು. ಭರಣಿಗಳನ್ನು ತೆರೆಯದೆ ಹೊರಗಿನಿಂದಲೇ ನೋಡಿ, ಬಿಲ್ಲೆಗಳನ್ನು ಬ್ಲೀಚಿಂಗ್ ನೀರಿನಲ್ಲಿ ಮುಳುಗಿಸಿ ಹೂಳಿಸಿದೆವು. ರಾಬರ್ಟ್ ಕೋಖ್ ಎಂಬ ಜರ್ಮನ್ ವಿಜ್ಞಾನಿಯೂ ಮೊದಮೊದಲು ಬೇಯಿಸಿದ ಆಲೂಗಡ್ಡೆಯ ಬಿಲ್ಲೆಯ ಮೇಲೆಯೇ ಬ್ಯಾಕ್ಟೀರಿಯಗಳನ್ನು ಬೆಳೆಸಿ ನೋಡಿದವನು. ಅನಂತರ ಆತನ ಪ್ರಯೋಗಶಾಲೆಯಲ್ಲಿ ಕೆಲಸಮಾಡುತ್ತಿದ್ದವನೊಬ್ಬನ ಪತ್ನಿ ಫ್ಯಾನಿ ಹೆಸ್ಸೆ ಎಂಬಾಕೆ, ಅಡಿಗೆಯಲ್ಲಿ ತಾನು ಉಪಯೋಗಿಸುತ್ತಿದ್ದ ಅಗರ್ ಎಂಬ ಕಡಲಪಾಚಿಯ ಸಾರವನ್ನು 1881ರಲ್ಲಿ ಸೂಚಿಸಿದಳು. ಇಂದಿಗೂ ಲೋಕದ ಪ್ರಯೋಗಶಾಲೆಗಳಲ್ಲಿ ಬ್ಯಾಕ್ಟೀರಿಯಗಳನ್ನು ಬೆಳೆಸುವುದು ಆ ಅಗರ್ ಮೇಲೆಯೇ. ಅಡಿಗೆಮನೆಯ ತಿಳಿವಳಿಕೆ ಎಲ್ಲಿಗೆ ಮುಟ್ಟಬಲ್ಲದೆಂಬುದಕ್ಕಾಗಿ ಈ ಕಥೆಯನ್ನು ತರಗತಿಯಲ್ಲಿ ಪ್ರತಿವರುಷವೂ ಹೇಳುತ್ತೇವೆ.

ನಮ್ಮ ನಾಲ್ಕು ತಾಲ್ಲೂಕುಗಳ ಮನೆಗಳ ನೆಲಗಳು ಒಂದೇ ತೆರನಾಗಿಲ್ಲ. ಆದಕಾರಣ ಬಟ್ಟೆಯೂ ಒಂದೇ ತೆರನಾಗಿರಲಾರದು. ಹಿಂದೆ ಹೆಚ್ಚಿನ ಮನೆಗಳದು ಮಣ್ಣಿನ ನೆಲ. ಅದನ್ನು ಸಗಣಿಯಿಂದ ಸಾರಿಸುತ್ತಿದ್ದರು. ಅಲ್ಲಿ ಸಾಧನವೆಂದರೆ ಹೆಂಗಸಿನ ಬಲಗೈಯೇ. ಕೈಯನ್ನು ತೊಳೆದುಕೊಂಡರೆ ಸಾಧನವನ್ನೂ ತೊಳೆದಂತಾಯಿತು. ಹೆಗ್ಗಡದೇವನಕೋಟೆಯ ಕಡೆಯ ಹಾಡಿಗಳಲ್ಲಿಯೂ ಬೇರೆ ಕೆಲವು ಹಳ್ಳಿಗಳಲ್ಲಿಯೂ ಈಗಲೂ ಈ ರೂಢಿಯುಂಟು. ಅಂಥ ಮನೆಗಳಿಂದ ಬರುವ ಮಕ್ಕಳಿಗೆ ನಾವು ಹೇಳುವುದು ಒಂದೇ ಮಾತು: ಕೈಯಲ್ಲಿ ಗಾಯವಿರುವಾಗ ಸಾರಿಸಬೇಡಿರಿ, ಸಗಣಿಯಲ್ಲಿ ಧನುರ್ವಾಯುವಿನ ಬೀಜಾಣುಗಳು ಇರಬಹುದು. ಸಿಮೆಂಟು, ಗಾರೆ, ಕಡಪದ ಕಲ್ಲು, ಮೊಸಾಯಿಕ್, ಟೈಲ್ಸು ಇವು ಬಂದ ಮೇಲೆ ಬಟ್ಟೆ ಬೇಕಾಯಿತು. ಮಾತು ಮಾತ್ರ ಹಳೆಯದೇ ಉಳಿದುಕೊಂಡಿತು. ಹೊಳೆಯುವ ಟೈಲ್ಸಿನ ಮನೆಯ ಗೃಹಿಣಿಯೂ “ಮನೆ ಸಾರಿಸಿ ಬರುತ್ತೇನೆ” ಎನ್ನುವುದನ್ನು ನಾವು ಕೇಳಿದ್ದೇವೆ.

ಹುಣಸೂರು, ಪಿರಿಯಾಪಟ್ಟಣಗಳ ಹಳೆಯ ಮನೆಗಳಲ್ಲಿ ಕೆಂಪು ಆಕ್ಸೈಡಿನ ನೆಲಗಳು ಇನ್ನೂ ಅಂದವಾಗಿ ಉಳಿದಿವೆ. ಇವು ಕಬ್ಬಿಣದ ಆಕ್ಸೈಡೆಂಬ ಬಣ್ಣವನ್ನು ಸಿಮೆಂಟಿನೊಡನೆ ಬೆರಸಿ ತಿಕ್ಕಿ ನುಣುಪುಮಾಡಿದ ನೆಲಗಳು. ಇವಕ್ಕೆ ಆಸಿಡ್ ತಾಗಬಾರದು. ಸಿಮೆಂಟಿನೊಳಗಿನ ಸುಣ್ಣವನ್ನು ಅದು ತಿಂದುಹಾಕುವುದರಿಂದ ನೆಲ ಒರಟಾಗಿ ಮಂಕಾಗುತ್ತದೆ. ಮೆತ್ತನೆಯ ಹತ್ತಿಬಟ್ಟೆ, ಚೆನ್ನಾಗಿ ಹಿಂಡಿದ್ದು, ಇಷ್ಟೇ ಸಾಕು. ಮೆರುಗಿಗಾಗಿ ಕೊಬ್ಬರಿ ಎಣ್ಣೆಯ ಕೆಲವು ತೊಟ್ಟುಗಳನ್ನು ತಿಕ್ಕುವ ರೂಢಿಯುಳ್ಳವರು ಅದಕ್ಕೆ ಬೇರೆ ಬಟ್ಟೆಯನ್ನೇ ಇಟ್ಟುಕೊಳ್ಳತಕ್ಕದ್ದು, ಎಣ್ಣೆ ಹಿಡಿದ ಬಟ್ಟೆ ನೀರನ್ನು ಹೀರುವುದಿಲ್ಲವಷ್ಟೆ. ಮರದ ಬಾಗಿಲಿಗೆ ಅಗಸೆ ಎಣ್ಣೆ ಸವರಿದ ಬಟ್ಟೆಯನ್ನಂತೂ ಮುದ್ದೆಮಾಡಿ ಮೂಲೆಗೆ ಎಸೆಯಕೂಡದು. ಆ ಎಣ್ಣೆ ಗಾಳಿಯಲ್ಲಿ ಒಣಗುವಾಗ ಶಾಖ ಹುಟ್ಟಿ ಬಟ್ಟೆ ತಾನಾಗಿ ಹೊತ್ತಿಕೊಂಡ ಉದಾಹರಣೆಗಳುಂಟು, ಹರಡಿ ಒಣಗಿಸಬೇಕು. ಕೃಷ್ಣರಾಜನಗರದ ಕಡೆ, ನಾಲೆಯ ನೀರಿನ ಗದ್ದೆಬಯಲುಗಳಲ್ಲಿ, ನಾಟಿಯ ಕಾಲದಲ್ಲಿ ಅಂಗಳದಿಂದ ಒಳಗೆ ಬರುವ ಕೆಸರೇ ದೊಡ್ಡ ಶತ್ರು. ಅಲ್ಲಿ ಬಾಗಿಲಲ್ಲಿ ದಪ್ಪನೆಯ ಗೋಣಿತಾಟನ್ನು ಹಾಸುವುದೇ ಒಳ್ಳೆಯ ಉಪಾಯ. ಒಣಗಿದ ಕೆಸರನ್ನು ಮೊದಲು ಕಸಬರಿಕೆಯಿಂದ ಗುಡಿಸಿ ತೆಗೆಯದೆ ಬಟ್ಟೆ ಹಾಕಿದರೆ ನೆಲವೆಲ್ಲಾ ಮಣ್ಣುನೀರಿನ ಚಿತ್ತಾರವಾಗುವುದು.

ಹೊಗೆಸೊಪ್ಪಿನ ಸೀಮೆಯ ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಕಾಯಿಲೆಯ ಪ್ರಕರಣವಾದ ತರುವಾಯ ನಾವು ನಿಲಯದಲ್ಲಿ ಸರದಿ ಪಟ್ಟಿಯೊಂದನ್ನು ಹಾಕಿ, ಪ್ರತಿಯೊಬ್ಬ ಹುಡುಗಿಯೂ ವಾರಕ್ಕೊಮ್ಮೆ ತನ್ನ ಕೋಣೆಯ ನೆಲವನ್ನು ಒರೆಸಿ ಬಟ್ಟೆಯನ್ನು ಒಗೆದು ಒಣಹಾಕುವಂತೆ ಏರ್ಪಡಿಸಿದೆವು. ಹದಿನೈದು ದಿನಗಳೊಳಗೆ ಪಿರಿಯಾಪಟ್ಟಣದ ಕಡೆಯ ರೈತರೊಬ್ಬರು ಕೋಪದಿಂದಲೇ ಬಂದರು.

“ಅಮ್ಮಾವ್ರೇ, ನನ್ನ ಮಗಳನ್ನ ಓದಕ್ಕೆ ಅಂತ ಇಲ್ಲಿ ಬುಟ್ಟಿವ್ನಿ, ನೆಲ ಒರ್ಸಕ್ಕಲ್ಲ. ಫೀಜು ಕಟ್ಟಿಲ್ವಾ ನಾನು?”

ನಾವು ಅವರನ್ನು ಕುಳ್ಳಿರಿಸಿ ಗೋಡೆಯ ಮೇಲಿನ ಪಟ್ಟಿಯನ್ನು ತೋರಿಸಿದೆವು. ಗುರುವಾರದ ಸಾಲಿನಲ್ಲಿ, ಕಚೇರಿಯ ಕೋಣೆಯ ಎದುರಿಗೆ, ನಮ್ಮ ಹೆಸರೇ ಇತ್ತು. ಅವರು ಅದನ್ನು ಎರಡು ಸಲ ಓದಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಂಗಾದ್ರೆ ಒಂದ್ ಮಾತು ಕೇಳ್ತೀನಿ ಅಮ್ಮಾವ್ರೇ. ನಮ್ಮನೆಯಾಕೆ ನೆಲ ಒರ್ಸೋ ಬಟ್ಟೆ ಸೊಪ್ಪಿನ ಕಾಲದಲ್ಲಿ ಕರ್‍ರಗೆ ಅಂಟಂಟಾಗಿ ಬುಡ್ತದೆ, ಎಷ್ಟು ಒಗುದ್ರೂ ಓಗಲ್ಲ. ಅದಕ್ಕೇನು ಮಾಡೋದು?” ಎಂದರು. ಜಗಳಕ್ಕೆ ಬಂದವರು ಹೀಗೆ ಶಿಷ್ಯರಾದುದು ನಮ್ಮ ಅನುಭವದಲ್ಲಿ ಅಪರೂಪ.

ಅವರಿಗೆ ಹೇಳಿದುದನ್ನೇ ಇಲ್ಲಿ ಬರೆಯುವೆವು. ಹೊಗೆಸೊಪ್ಪಿನ ಎಲೆಯ ಮೇಲಣ ಸಣ್ಣ ರೋಮಗಳಿಂದ ರಾಳದಂಥ ಅಂಟು ಒಸರುತ್ತದೆ. ಸೊಪ್ಪನ್ನು ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್‌ಗೆ ಏರಿಸುವ ತಿಂಗಳುಗಳಲ್ಲಿ ಇದು ಕೈಯಿಂದ, ಕಾಲಿಂದ ಮನೆಯ ನೆಲಕ್ಕೂ ಬರುತ್ತದೆ. ರಾಳವು ಬರೀ ನೀರಿಗೆ ಕರಗದು. ಬಟ್ಟೆಗೆ ಮೊದಲು ಸ್ವಲ್ಪ ಅಡಿಗೆಯ ಎಣ್ಣೆಯನ್ನು ತಿಕ್ಕಿ, ಅಂಟು ಸಡಿಲವಾದ ಮೇಲೆ ಬಿಸಿನೀರು ಸಾಬೂನುಗಳಿಂದ ಎಣ್ಣೆಯನ್ನೂ ಅಂಟನ್ನೂ ಒಟ್ಟಿಗೆ ತೆಗೆಯಬೇಕು. ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದುಂಟು. ಸೊಪ್ಪಿನಲ್ಲಿರುವ ನಿಕೋಟಿನ್ ನೀರಿನಲ್ಲಿ ಕರಗುತ್ತದೆ, ಚರ್ಮದ ಮೂಲಕ ಮೈಯೊಳಕ್ಕೆ ಇಳಿಯುತ್ತದೆ. ಮಳೆಯಲ್ಲಿ ನೆಂದ ಎಲೆಯನ್ನು ಮುರಿಯುವವರಿಗೆ ತಲೆಸುತ್ತು, ವಾಕರಿಕೆ ಬರುವುದು ಈ ಕಾರಣದಿಂದಲೇ. ಇದಕ್ಕೆ ಹಸಿ ಹೊಗೆಸೊಪ್ಪಿನ ಕಾಯಿಲೆಯೆಂದೇ ವೈದ್ಯರು ಹೆಸರಿಟ್ಟಿದ್ದಾರೆ. ಆದ್ದರಿಂದ ಸೊಪ್ಪು ಕಟ್ಟುವ ಜಗುಲಿಯನ್ನು ಒರೆಸಿದ ಬಟ್ಟೆಯನ್ನು ಬರಿಗೈಯಿಂದ ಹಿಂಡತಕ್ಕದ್ದಲ್ಲ, ಅದನ್ನು ಅಡಿಗೆಮನೆಗೆ ತರತಕ್ಕದ್ದೂ ಅಲ್ಲ. ಗರ್ಭಿಣಿಯರಿಗೂ ಮಕ್ಕಳಿಗೂ ಆ ಕೆಲಸವನ್ನು ವಹಿಸಲೇ ಕೂಡದು. ರಬ್ಬರಿನ ಕೈಗವಸು ಪೇಟೆಯಲ್ಲಿ ಸುಲಭವಾಗಿ ದೊರೆಯುತ್ತದೆ.

ಇನ್ನು ಒಗೆಯುವ ಕ್ರಮ. ಬಟ್ಟೆಯನ್ನಾಗಲಿ ಕೋಲಿನ ಮಾಪಿನ ನೂಲುಗಳನ್ನಾಗಲಿ ಮೊದಲು ಹೊರಗೆ ಕೊಡವಿ, ಕೂದಲು, ಕಡ್ಡಿಗಳನ್ನು ಕೈಯಿಂದ ಆರಿಸಿ ತೆಗೆಯಿರಿ. ತಣ್ಣೀರಿನಲ್ಲಿ ಎರಡು ಮೂರು ಸಲ, ನೀರು ತಿಳಿಯಾಗುವವರೆಗೆ, ಜಾಲಿಸಿರಿ. ಬಳಿಕ ಹತ್ತು ಲೀಟರು ಬಿಸಿನೀರಿಗೆ ಎರಡು ದೊಡ್ಡ ಚಮಚದಷ್ಟು ವಾಷಿಂಗ್ ಸೋಡ ಹಾಕಿ ಅರ್ಧ ಗಂಟೆ ನೆನೆಯಿಸಿ, ಸಾಬೂನು ತಿಕ್ಕಿ ಕುಸುಬಿರಿ. ಸೋಡವು ಜಿಡ್ಡನ್ನು ಬಿಡಿಸುತ್ತದೆ, ಗಡಸುನೀರನ್ನೂ ಮೆದುವಾಗಿಸುತ್ತದೆ. ಗಡಸುನೀರಿನಲ್ಲಿ ಸಾಬೂನು ನೊರೆಯಾಗದೆ ಬಿಳಿಯ ಗಷ್ಟಾಗಿ ಎಳೆಗಳಲ್ಲಿ ಕೂಡುವುದರಿಂದಲೇ ಬಟ್ಟೆ ರಟ್ಟಿನಂತಾಗುವುದು. ಕಾವೇರಿ, ಲಕ್ಷ್ಮಣತೀರ್ಥ, ಕಪಿಲೆಗಳ ನೀರಿಗಿಂತ ಕೊಳವೆಬಾವಿಯ ನೀರು ಸಾಮಾನ್ಯವಾಗಿ ಗಡಸು. ಅಂಟುವಾಳದ ಕಾಯಿಯ ನೊರೆಗೆ ಈ ತೊಡಕಿಲ್ಲ. ಅದರ ನೊರೆ ಸಾಬೂನಿನ ಜಾತಿಯದಲ್ಲವಾಗಿ ಗಡಸುನೀರಿನಲ್ಲಿ ಗಷ್ಟುಗಟ್ಟುವುದಿಲ್ಲ. ಕಾಡಂಚಿನ ಕೋಟೆ ತಾಲ್ಲೂಕಿನಲ್ಲಿ ಗಿರಿಜನರು ಅಂಟುವಾಳ, ಸೀಗೆಗಳನ್ನು ಆಯ್ದು ತರುತ್ತಾರೆ. ತಲೆಗೂ ರೇಷ್ಮೆಗೂ ಮಾತ್ರವೇ ಅದು ತಕ್ಕದ್ದೆಂದು ಭಾವಿಸಬೇಕಾಗಿಲ್ಲ.

ವಾರಕ್ಕೊಮ್ಮೆ ಹತ್ತಿಬಟ್ಟೆಯನ್ನು ಕುದಿಸಬೇಕು. ನಮ್ಮ ಸೀಮೆ ಸಮುದ್ರಮಟ್ಟಕ್ಕಿಂತ ಸುಮಾರು 700ರಿಂದ 850 ಮೀಟರು ಎತ್ತರದಲ್ಲಿರುವುದರಿಂದ ಇಲ್ಲಿ ನೀರು ನೂರು ಡಿಗ್ರಿಗೆ ಬದಲಾಗಿ ಸುಮಾರು ತೊಂಬತ್ತೇಳು ತೊಂಬತ್ತೆಂಟರಲ್ಲೇ ಕುದಿಯುತ್ತದೆ. ಹತ್ತು ನಿಮಿಷ ಕುದಿಸಿದರೆ ಆ ಕೊರತೆ ಏನೂ ಬಾಧಕವಲ್ಲ. ಹಿಂದೆ ಅಗಸರು ಬಟ್ಟೆಗೆ ಸವಳು ಮಣ್ಣನ್ನು ಹಿಡಿಸಿ ಉಬ್ಬೆಗೆ ಹಾಕುತ್ತಿದ್ದರಷ್ಟೆ. ಸವಳು ಕ್ಷಾರ, ಉಬ್ಬೆಯದು ಹಬೆ. ಕೊಳೆಯನ್ನು ಬಿಡಿಸುವುದಕ್ಕೂ ಜೀವಿಗಳನ್ನು ಕೊಲ್ಲುವುದಕ್ಕೂ ಇಂದಿನ ಆಸ್ಪತ್ರೆಯ ಬಟ್ಟೆಯೊಗೆತದಲ್ಲಿ ನಡೆಯುವುದೂ ಶಾಖ ಮತ್ತು ಕ್ಷಾರಗಳ ಈ ಕೆಲಸವೇ. ಆ ಕಸುಬಿನವರನ್ನು ಅನಕ್ಷರಸ್ಥರೆಂದು ಕೀಳಾಗಿ ಕಂಡವರಿಗೆ ಈ ರಸಾಯನ ತಿಳಿದಿರಲಿಲ್ಲ.

ಬ್ಲೀಚಿಂಗ್ ವಿಷಯದಲ್ಲಿ ನಮ್ಮ ಎರಡನೆಯ ತಪ್ಪನ್ನು ಹೇಳಬೇಕು. ಕಾಯಿಲೆಯ ಭಯದಿಂದ ನಾವು ದಿನವೂ, ಅಳತೆಯಿಲ್ಲದೆ, ಬ್ಲೀಚಿಂಗ್ ಪುಡಿಯನ್ನು ಬಕೀಟಿಗೆ ಸುರಿಸಿದೆವು. ನೆಲವೆಲ್ಲಾ ಘಮಘಮಿಸಿತು, ನಮಗೆ ಸಮಾಧಾನವಾಯಿತು. ಒಂದು ತಿಂಗಳಲ್ಲಿ ಬಟ್ಟೆಗಳು ಹಿಂಡಿದ ಕಡೆಯೆಲ್ಲಾ ಹರಿದುಹೋದವು. ಹತ್ತಿಯ ಎಳೆಯನ್ನೂ ಬ್ಲೀಚು ತಿನ್ನುತ್ತದೆ. ಅದಕ್ಕಿಂತ ಹೆಚ್ಚಾಗಿ, ಒಂದು ದಿನ ಸಂಬಳದ ಪುಸ್ತಕಕ್ಕೆ ರುಜು ಹಾಕಲು ಬಂದ ಆಯಾಮ್ಮ ಲೇಖನಿಯನ್ನು ಹಿಡಿಯಲಾರದೆ ಹೋದಳು. ಬೆರಳ ಸಂದುಗಳು ಬಿರಿದು ರಕ್ತ ಒಸರುತ್ತಿತ್ತು. “ಯಾಕೆ ಹೇಳಲಿಲ್ಲ?” ಎಂದು ಕೇಳಿದರೆ, “ಮಕ್ಕಳಿಗೆ ವಾಸಿಯಾದರೆ ಸಾಕು ಅಂತ ಸುಮ್ಮನಿದ್ದೆ ಅಮ್ಮಾ” ಎಂದಳು. ಅದೇ ಆಯಾಮ್ಮನಿಗೆ ನಾವು ಮೂರು ವರುಷಗಳ ಹಿಂದೆ ರುಜು ಹಾಕುವುದನ್ನು ಕಲಿಸಿದ್ದೆವು.

ಅಂದಿನಿಂದ ಅಳತೆಯೇ ನಮ್ಮ ನಿಯಮ. ನೂರಕ್ಕೆ ಐದರ ಶಕ್ತಿಯ ದ್ರವಬ್ಲೀಚಾದರೆ ಒಂದು ಲೀಟರು ನೀರಿಗೆ 20 ಮಿಲಿಲೀಟರು. ಸುಮಾರು ಮೂವತ್ತರ ಶಕ್ತಿಯ ಬ್ಲೀಚಿಂಗ್ ಪುಡಿಯಾದರೆ ಹತ್ತು ಲೀಟರಿಗೆ 33 ಗ್ರಾಂ, ಕಲಸಿ ಗಷ್ಟು ಇಳಿದ ಮೇಲೆ ತಿಳಿನೀರು ಮಾತ್ರ. ಎರಡರಲ್ಲೂ ಸಾವಿರಕ್ಕೆ ಒಂದು ಭಾಗ ಕ್ಲೋರಿನ್ ಆಗುತ್ತದೆ. ಕೊಳೆ ಹೋದ ಬಟ್ಟೆಯನ್ನು ಮಾತ್ರ ಇದರಲ್ಲಿ ಹದಿನೈದು ನಿಮಿಷ ಮುಳುಗಿಸಬೇಕು. ಕೊಳೆಯಿದ್ದರೆ ಕ್ಲೋರಿನ್ ಎಲ್ಲಾ ಕೊಳೆಯ ಮೇಲೆಯೇ ವ್ಯಯವಾಗಿ ಜೀವಿಗಳಿಗೆ ಉಳಿಯದು. ಕುದಿಸಿದ ವಾರ ಇದು ಬೇಡ. ತೆರೆದಿಟ್ಟ ಹಳೆಯ ಪುಡಿ ಸುಣ್ಣಕ್ಕೆ ಸಮಾನ. ಕಕ್ಕಸು ತೊಳೆಯುವ ಆಸಿಡ್‌ನೊಡನೆ ಬ್ಲೀಚನ್ನು ಎಂದೂ ಬೆರಸಕೂಡದು. ಕ್ಲೋರಿನ್ ಅನಿಲ ಹೊರಟು ಬಾಗಿಲು ಮುಚ್ಚಿದ ಬಚ್ಚಲಿನಲ್ಲಿ ಉಸಿರು ಕಟ್ಟುವುದು. ಅಮೋನಿಯ ಇರುವ ದ್ರವಗಳೊಡನೆಯೂ ಬೆರಸಬಾರದು. 2020ರ ಕೊರೋನದ ದಿನಗಳಲ್ಲಿ ಎಲ್ಲವನ್ನೂ ಕೂಡಿಸಿದರೆ ಹೆಚ್ಚು ಶಕ್ತಿಯೆಂದು ಭಾವಿಸಿದವರು ಅನೇಕರು.

ಫಿನೈಲಿನ ವಾಸನೆಯೂ ಇಂಥದೇ ಒಂದು ಭ್ರಾಂತಿಯನ್ನು ಹುಟ್ಟಿಸುತ್ತದೆ. ಲಿಸ್ಟರ್ ಎಂಬ ಶಸ್ತ್ರವೈದ್ಯನು 1867ರಲ್ಲಿ ಕಾರ್ಬಾಲಿಕ್ ಆಮ್ಲದ ಉಪಯೋಗವನ್ನು ಪ್ರಕಟಿಸಿದ ಮೇಲೆ ಆ ಜಾತಿಯ ದ್ರವಗಳ ವಾಸನೆಯೇ ಶುಚಿತ್ವದ ಗುರುತಾಯಿತು. 1898ರಲ್ಲಿ ಬೆಂಗಳೂರಿಗೂ ಬಳಿಕ ಮೈಸೂರಿಗೂ ಪ್ಲೇಗು ಬಂದ ಕಾಲದಿಂದ ನಮ್ಮವರಿಗೂ ಆ ವಾಸನೆಯ ಪರಿಚಯ ಬೆಳೆಯಿತು. ಕೊಳೆತ ಬಟ್ಟೆಯನ್ನು ಫಿನೈಲಿನಲ್ಲಿ ಅದ್ದಿದರೆ ಫಿನೈಲಿನ ವಾಸನೆಯುಳ್ಳ ಕೊಳೆತ ಬಟ್ಟೆಯಾಗುವುದು, ಅಷ್ಟೆ.

ಒಣಗಿಸುವುದೇ ಎಲ್ಲಕ್ಕಿಂತ ದೊಡ್ಡ ಮದ್ದು. ನೀರಿಲ್ಲದೆ ಜೀವಿ ಬೆಳೆಯದು. ಬಿಸಿಲಿನ ಅತಿನೇರಿಳೆ ಕಿರಣಗಳೂ ಅವನ್ನು ಕೊಲ್ಲುತ್ತವೆ. ಬಟ್ಟೆಯನ್ನು ಬಿಚ್ಚಿ ಹರಡಿ ತಂತಿಯ ಮೇಲೆ ಹಾಕಿರಿ. ಕೋಲಿನ ಮಾಪನ್ನು ನೂಲು ಮೇಲಾಗಿ ನಿಲ್ಲಿಸಿರಿ ಇಲ್ಲವೆ ಕೊಕ್ಕೆಗೆ ತೂಗಿಬಿಡಿರಿ. ನೂಲು ಕೆಳಗಾಗಿ ಬಕೀಟಿನಲ್ಲಿ ನಿಂತ ಮಾಪು ಎಂದೂ ಒಣಗದು, ಹಿಡಿಯ ಕಬ್ಬಿಣ ತುಕ್ಕುಹಿಡಿದು ನೆಲಕ್ಕೆ ಕಲೆಯೂ ಆಗುವುದು. ಕೊಡಗಿನಂಚಿನ ಊರುಗಳಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಬಿಸಿಲನ್ನು ನಂಬಿ ಕೂರುವಂತಿಲ್ಲವಾದ್ದರಿಂದ, ನೀರೊಲೆಯ ಹಂಡೆಯ ಹಿಂದಣ ಗೋಡೆಗೆ, ಉರಿಯಿಂದ ದೂರವಾಗಿ, ಒಂದು ತಂತಿ ಕಟ್ಟಿಕೊಂಡರೆ ರಾತ್ರಿ ಬೆಳಗಾಗುವುದರೊಳಗೆ ಒಣಗುತ್ತದೆ. ಮಳೆಗಾಲಕ್ಕೆ ಒಂದಕ್ಕೆ ಮೂರು ಜೊತೆ ಬಟ್ಟೆಗಳಿರಬೇಕು.

ಪೇಟೆಯಲ್ಲಿ ಈಗ ಮೈಕ್ರೋಫೈಬರ್ ಎಂಬ ಬಟ್ಟೆಗಳೂ ತಿರುಗುವ ಬುಟ್ಟಿಯ ಬಕೀಟುಗಳೂ ಬಂದಿವೆ. ಪಾಲಿಯೆಸ್ಟರು, ಪಾಲಿಯಮೈಡುಗಳ ಅತಿ ಸಣ್ಣ ಎಳೆಗಳ ಬಟ್ಟೆಯಿದು. ಧೂಳನ್ನು ಚೆನ್ನಾಗಿ ಹಿಡಿಯುತ್ತದೆ, ಬೇಗ ಒಣಗುತ್ತದೆ. ಆದರೆ ಇದನ್ನು ಕುದಿಸಬಾರದು, ಬ್ಲೀಚು ಬೇಡ, ಬಟ್ಟೆ ಮೆದುಮಾಡುವ ದ್ರವವನ್ನಂತೂ ಮುಟ್ಟಿಸಬಾರದು. ಅದು ಎಳೆಗಳ ಮೇಲೆ ಪದರುಗಟ್ಟಿ ಹಿಡಿಯುವ ಗುಣವನ್ನೇ ಕೆಡಿಸುತ್ತದೆ. ಕೈಸುಡದಷ್ಟು ಬಿಸಿನೀರು, ಸೌಮ್ಯವಾದ ಸಾಬೂನುಪುಡಿ ಸಾಕು. ಬಕೀಟಿನ ತಿರುಗುವ ಬುಟ್ಟಿಯ ಕೆಳಗೆ ಕೂದಲೂ ಲೋಳೆಯೂ ಸೇರುವುದರಿಂದ ವಾರಕ್ಕೊಮ್ಮೆ ಅದನ್ನು ಬಿಚ್ಚಿ ತೊಳೆಯಿರಿ.

ಕೋಲಿನ ಮಾಪು ಸೋಮಾರಿಗಳ ಸಾಧನವೆಂದು ಹಿರಿಯ ಹೆಂಗಸರು ಹಳಿಯುವುದುಂಟು. ನಮ್ಮ ಅಭಿಪ್ರಾಯ ಹಾಗಿಲ್ಲ. ನೆಲದ ಮೇಲೆ ಮಂಡಿಯೂರಿ ಒರೆಸುವವರಿಗೆ ಮಂಡಿಚಿಪ್ಪಿನ ಮುಂದೆ ನೀರು ತುಂಬಿ ಊದಿಕೊಳ್ಳುವ ಬೇನೆಗೆ ಇಂಗ್ಲೆಂಡಿನಲ್ಲಿ ಮನೆಗೆಲಸದವಳ ಮಂಡಿಯೆಂದೇ ಹೆಸರಿತ್ತು. ಸ್ಪೇನ್ ದೇಶದಲ್ಲಿ 1950ರ ದಶಕದಲ್ಲಿ ಮನುವೆಲ್ ಹಲೋನ್ ಎಂಬ ಎಂಜಿನಿಯರು ಹಿಂಡುವ ಬಕೀಟಿನೊಡನೆ ಕೋಲಿನ ಮಾಪನ್ನು ಪ್ರಚಾರಕ್ಕೆ ತಂದಾಗ, ಅಲ್ಲಿಯ ಹೆಂಗಸರು ಮಂಡಿಯಿಂದ ಎದ್ದು ನಿಂತರೆಂದು ಆ ದೇಶದವರು ಇಂದಿಗೂ ನೆನೆಯುತ್ತಾರೆ. ನಮ್ಮ ಹೆಂಗಸರು ಕುಕ್ಕರಗಾಲಿನಲ್ಲಿ ಹಿಂದೆ ಹಿಂದಕ್ಕೆ ಸರಿಯುತ್ತಾ ಒರೆಸುವವರು. ಐವತ್ತು ದಾಟಿದವರಿಗೆ ಅದೂ ಸುಲಭವಲ್ಲ. ನಮ್ಮ ಆಯಾಮ್ಮನಿಗೆ ಈಗ ಕೋಲಿನ ಮಾಪುಂಟು, ಎರಡು ಬಕೀಟುಗಳುಂಟು, ಒಂದರಲ್ಲಿ ಸಾಬೂನುನೀರು, ಇನ್ನೊಂದರಲ್ಲಿ ಜಾಲಿಸುವ ನೀರು. ಕೈಗವಸೂ ಉಂಟು. ಅವಳಿಗೆ ಅದು ಇಷ್ಟವಿಲ್ಲ, ಬೇಸಗೆಯಲ್ಲಿ ಬೆವರುತ್ತದೆಂದು ಗೊಣಗುತ್ತಾಳೆ. ನಾವು ಗುರುವಾರಗಳಲ್ಲಿ ಹಾಕಿಕೊಂಡು ನೋಡಿದ್ದೇವೆ, ಬೆವರುವುದು ನಿಜ.

ಕೈಯಿಂದಲೇ ಒರೆಸುವವರಿಗೆ ಒಂದು ಉಪಾಯ. ಬಟ್ಟೆಯನ್ನು ಎರಡಾಗಿ, ಮತ್ತೆ ಎರಡಾಗಿ ಮಡಿಸಿದರೆ, ಮಗುಚಿ ಮಡಿಸುತ್ತಾ ಎಂಟು ಹೊಸ ಮುಖಗಳು ದೊರೆಯುತ್ತವೆ. ಒಂದೊಂದು ಮುಖದಿಂದ ನಾಲ್ಕೈದು ಅಡಿಯಷ್ಟು ಒರೆಸಿ, ಎಂಟೂ ಮುಗಿದ ಮೇಲೆ ಜಾಲಿಸಿರಿ. ಮೊದಲ ಅಡಿಯ ಕೊಳೆ ಕೊನೆಯ ಅಡಿಗೆ ಹೋಗುವುದಿಲ್ಲ. ಒಣಗಿದ ಬಟ್ಟೆಯಿಂದ ಧೂಳನ್ನು ಝಾಡಿಸುವುದು ಅದನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಕಳುಹಿಸುವುದಷ್ಟೆ, ಒದ್ದೆಬಟ್ಟೆಯೇ ಅದನ್ನು ತೆಗೆಯುವುದೆಂದು ಫ್ಲಾರೆನ್ಸ್ ನೈಟಿಂಗೇಲ್ ಅವರು 1859ರಲ್ಲಿ ಪ್ರಕಟವಾದ ಶುಶ್ರೂಷೆಯ ಗ್ರಂಥದಲ್ಲಿ ವಾದಿಸಿದ್ದರು. ನಮ್ಮ ನಿಲಯದಲ್ಲಿ ಈಗ ಹಳೆಯ ಸೀರೆಯ ಅಂಚುಗಳೇ ಗುರುತು: ಕೆಂಪಂಚಿನದು ಕಕ್ಕಸಿಗೆ, ಹಸಿರಂಚಿನದು ಮಲಗುವ ಕೋಣೆಗಳಿಗೆ, ಅಂಚಿಲ್ಲದ ಬಿಳಿಯದು ಊಟದ ಮನೆಗೆ. ಒಂದರ ಬಕೀಟಿನಲ್ಲಿ ಇನ್ನೊಂದು ಬೀಳಕೂಡದು. ಒರೆಸುವ ಕ್ರಮವೂ ತಲೆಕೆಳಗಾಗಿದೆ: ಊಟದ ಮನೆ ಮೊದಲು, ಕಕ್ಕಸು ಕಡೆಗೆ.

ಬಟ್ಟೆಗೆ ಆಯುಸ್ಸು ಎಷ್ಟೆಂದು ತಾಯಂದಿರು ಕೇಳುವರು. ಒಗೆದು ಒಣಗಿಸಿದ ಮೇಲೂ ವಾಸನೆ ಉಳಿದರೆ, ನೀರು ಹೀರದೆ ಜಾರಿದರೆ, ಎಳೆ ಉದುರಿ ನೆಲದ ಮೇಲೆ ಬಿದ್ದರೆ ಅದರ ಕಾಲ ಮುಗಿಯಿತು. ಊಟದ ಮನೆಯ ಬಿಳಿಯ ಬಟ್ಟೆ ಸವೆದರೆ ಅದಕ್ಕೆ ಕೆಂಪಂಚು ಹೊಲಿದು ಕಕ್ಕಸಿಗೆ ಇಳಿಸಬಹುದು. ಕಕ್ಕಸಿನದು ಮೇಲಕ್ಕೆ ಬರುವಂತಿಲ್ಲ. ನಮ್ಮ ಹೊಲಿಗೆ ತರಗತಿಯ ಮಕ್ಕಳು ಈ ಅಂಚು ಕಟ್ಟುವ ಕೆಲಸವನ್ನು ಪ್ರತಿ ತಿಂಗಳೂ ಮೊದಲನೆಯ ಶನಿವಾರ ಮಾಡುತ್ತಾರೆ. ಹಳೆಯ ಹತ್ತಿ ಸೀರೆಗಳೂ ಪಂಚೆಗಳೂ ನಿಮ್ಮ ಮನೆಯಲ್ಲಿದ್ದರೆ ಶಾಲೆಗೆ ಕಳುಹಿಸಿಕೊಡಿರಿ. ನೈಲಾನಿನವು ಬೇಡ, ಅವು ನೀರು ಹೀರುವುದಿಲ್ಲ.